1966ರ ಅಲಿ, 1988ರ ಟೈಸನ್: ಒಂದೇ ರಿಂಗಿಗೆ ಇಳಿಸಿದರೆ ಯಾರ ಕೈ ಮೇಲು?

ಮೂರನೇ ಸುತ್ತು:
ಭಾನುವಾರ ಊಟವಾದ ಮೇಲೆ ನಿದ್ದೆ ಬಿಟ್ಟು ಎರಡು ಹಳೆಯ ಬಾಕ್ಸಿಂಗ್ ಪಂದ್ಯಗಳನ್ನು ಬೆನ್ನುಬೆನ್ನಿಗೆ ನೋಡಿದೆ. ಮೊದಲನೆಯದು 1966ರ ನವೆಂಬರ್ 14, ಹ್ಯೂಸ್ಟನ್‌ನ ಆಸ್ಟ್ರೊಡೋಮ್. ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಎದುರು ಮುಹಮ್ಮದ್ ಅಲಿ. ಇಪ್ಪತ್ತನಾಲ್ಕರ ಹರೆಯ, ತೊಂಬತ್ತಾರು ಕಿಲೋ ತೂಕ. ಆದರೂ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂಬ ಅನುಮಾನ. ಮೂರನೇ ಸುತ್ತಿಗೆ ಆಟ ಮುಗಿಯಿತು. ಎರಡನೆಯದು 1988ರ ಜೂನ್ 27, ಅಟ್ಲಾಂಟಿಕ್ ಸಿಟಿ. ಮೈಕ್ ಟೈಸನ್ ಎದುರು ಮೈಕಲ್ ಸ್ಪಿಂಕ್ಸ್. 91 ಸೆಕೆಂಡು. ಕಾಫಿ ಲೋಟವನ್ನು ತುಟಿಗೆ ತಾಗಿಸಿ ಕೆಳಗಿಡುವಷ್ಟರಲ್ಲಿ ಸ್ಪಿಂಕ್ಸ್ ಅಂಗಾತ ಬಿದ್ದಿದ್ದ.

ಈ ಇಬ್ಬರನ್ನೂ ಅದೇ ದಿನದ ಮೈಕಟ್ಟು, ಅದೇ ದಿನದ ಹುರುಪಿನಲ್ಲಿ ಎದುರುಬದುರು ನಿಲ್ಲಿಸಿ. ನನ್ನ ಮತ ಟೈಸನ್‌ಗೆ, ಆರು ಸುತ್ತಿನೊಳಗೆ. ಕಾರಣ ಒಂದೇ, ಎಡಗೈ ಹುಕ್, ಅಂದರೆ ಮೊಣಕೈ ಮಡಚಿ ಬದಿಯಿಂದ ಬೀಸುವ ಗುದ್ದು. 1963ರಲ್ಲಿ ವೆಂಬ್ಲಿಯಲ್ಲಿ ಹೆನ್ರಿ ಕೂಪರ್ ಅಲಿಯನ್ನು ಕೆಡವಿದ್ದು ಅದರಿಂದಲೇ. 1971ರಲ್ಲಿ ಹದಿನೈದನೇ ಸುತ್ತಿನಲ್ಲಿ ಜೋ ಫ್ರೇಜಿಯರ್ ಕೆಡವಿದ್ದೂ ಅದರಿಂದಲೇ. ಅಲಿ ಕೈ ಇಳಿಬಿಟ್ಟು, ತಲೆ ಹಿಂದಕ್ಕೆ ವಾಲಿಸಿ ತಪ್ಪಿಸಿಕೊಳ್ಳುವವನು. ಟೈಸನ್‌ನ ಹುಕ್ಕು ಫ್ರೇಜಿಯರ್‌ನದಕ್ಕಿಂತ ಬೇಗ ಬರುತ್ತದೆ. ಯಾರಾದರೂ ನನ್ನ ತಪ್ಪು ತೋರಿಸಿ.

ನಿವೃತ್ತ ಮೇಷ್ಟ್ರು:
ತೋರಿಸುತ್ತೇನೆ. ಮೊದಲು ನಿಮ್ಮ ಅಳತೆಗೋಲುಗಳೇ ಸೊಟ್ಟ. ವಿಲಿಯಮ್ಸ್ 1964ರಲ್ಲಿ ಟೆಕ್ಸಾಸ್‌ನ ರಸ್ತೆಯಲ್ಲಿ ಪೊಲೀಸನ ಗುಂಡು ತಿಂದು, ಒಂದು ಮೂತ್ರಪಿಂಡ ಕಳೆದುಕೊಂಡು ಬದುಕಿ ಬಂದವನು. ಅಲಿಯ ಎದುರು ನಿಂತದ್ದು ಆ ಮನುಷ್ಯನ ಮುಕ್ಕಾಲು ಭಾಗ. ಇನ್ನು ಸ್ಪಿಂಕ್ಸ್ ಮೂಲತಃ ಲೈಟ್ ಹೆವಿವೇಟ್, ಹೆವಿವೇಟ್‌ಗಿಂತ ಹಗುರ ವರ್ಗದವನು. ರಿಂಗಿಗೆ ಇಳಿಯುವ ಮೊದಲೇ ಅವನ ಮುಖ ಬಿಳಚಿಕೊಂಡಿತ್ತು. ಹೀಗೆ ಇಬ್ಬರ ಅತ್ಯಂತ ಸುಲಭದ ದಿನಗಳನ್ನು ತಂದು ತಕ್ಕಡಿಯಲ್ಲಿಟ್ಟಿದ್ದೀರಿ.

ಎರಡನೆಯದು, ಫ್ರೇಜಿಯರ್ ಕೆಡವಿದ್ದು ಬೇರೆ ಅಲಿಯನ್ನು. ಸೈನ್ಯಕ್ಕೆ ಸೇರಲು ಒಪ್ಪದೆ 1967ರಿಂದ 1970ರವರೆಗೆ ಮೂರೂವರೆ ವರ್ಷ ರಿಂಗಿನಿಂದ ಹೊರಗಿದ್ದು, ಕಾಲಿನ ವೇಗ ಕಳೆದುಕೊಂಡು ಮರಳಿದ ಅಲಿ ಅವನು. ನೀವು 1966ರವನನ್ನು ಕರೆದಿದ್ದೀರಿ. ಹಾಗಿದ್ದ ಮೇಲೆ 1971ರ ಪೆಟ್ಟನ್ನು ಅವನ ಲೆಕ್ಕಕ್ಕೆ ಬರೆಯುವಂತಿಲ್ಲ. ಕೂಪರ್‌ನದನ್ನು ಬೇಕಾದರೆ ಬರೆದುಕೊಳ್ಳಿ. ಆಗ ಅಲಿಗೆ ಇಪ್ಪತ್ತೊಂದು, ಚಾಂಪಿಯನ್ ಕೂಡ ಆಗಿರಲಿಲ್ಲ. ಮುಂದಿನ ಸುತ್ತಿನಲ್ಲೇ ಕೂಪರ್‌ನ ಹುಬ್ಬು ಸೀಳಿ ಪಂದ್ಯ ನಿಂತದ್ದನ್ನೂ ಪಕ್ಕದಲ್ಲೇ ಬರೆಯಿರಿ.

ರಾತ್ರಿಪಾಳಿ:
ಮೇಷ್ಟ್ರು ಪಟ್ಟಿ ಹಿಡಿದು ಬಂದರು. ಮೂರನೇ ಸುತ್ತಿನವರೇ, ಬೆಂಚಿನ ಮೇಲೆ ಹತ್ತಿ ನಿಲ್ಲಿ.

ಮೂರನೇ ಸುತ್ತು:
ನಿಂತಿದ್ದೇನೆ. ಆದರೂ ಕೇಳುತ್ತೇನೆ, ಗುರು ಕಸ್ ಡಿ'ಅಮಾಟೊ ಕ್ಯಾಟ್ಸ್‌ಕಿಲ್‌ನಲ್ಲಿ ಟೈಸನ್‌ಗೆ ಕಲಿಸಿದ ಆ ನುಗ್ಗುವಿಕೆಗೆ ಅಲಿಯ ಬಳಿ ಏನು ಉತ್ತರವಿತ್ತು? ಎರಡೂ ಕೈ ಕೆನ್ನೆಗೆ ಒತ್ತಿಕೊಂಡು, ತಲೆಯನ್ನು ಆಚೆ ಈಚೆ ತೂಗುತ್ತಾ, ಪ್ರತಿ ತೂಗಿಗೂ ಒಂದು ಹೆಜ್ಜೆ ಒಳಗೆ. 178 ಸೆಂಟಿಮೀಟರ್ ಎತ್ತರದವನು ಇನ್ನೂ ಬಗ್ಗಿ ಬಂದರೆ ಅಲಿಯ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಅವನ ನೆತ್ತಿಯ ಮೇಲಿನ ಗಾಳಿಗೆ ಹೊಡೆಯುತ್ತದೆ.

ನಿವೃತ್ತ ಮೇಷ್ಟ್ರು:
ಉತ್ತರವಿತ್ತು, ಚೆಂದದ ಉತ್ತರವಲ್ಲ. ಫ್ರೇಜಿಯರ್ ಜೊತೆಗಿನ ಎರಡನೇ ಪಂದ್ಯವನ್ನು ನೋಡಿ, 1974ರ ಜನವರಿಯದು. ಫ್ರೇಜಿಯರ್ ಒಳನುಗ್ಗಿದಾಗಲೆಲ್ಲ ಅಲಿ ಒಂದು ಕೈಯನ್ನು ಅವನ ಕತ್ತಿನ ಹಿಂದೆ ಹಾಕಿ ಕೆಳಕ್ಕೆ ಅದುಮುತ್ತಾನೆ. ರೆಫರಿ ಬಿಡಿಸುವವರೆಗೆ ಕುಳ್ಳನ ತೋಳುಗಳಿಗೆ ಕೆಲಸವಿಲ್ಲ. ಹನ್ನೆರಡು ಸುತ್ತೂ ಅದೇ. ನೋಡಲು ಬೇಸರ, ಫಲಿತಾಂಶ ಅಲಿಯ ಕಡೆ. ಟೈಸನ್‌ನನ್ನು ಅಪ್ಪಿ ಹಿಡಿದು ಹನ್ನೆರಡು ಸುತ್ತು ಉಳಿದವರೂ ಇದ್ದಾರೆ. 1987ರಲ್ಲಿ ಬೋನ್‌ಕ್ರಷರ್ ಸ್ಮಿತ್ ಮಾಡಿದ್ದು ಬೇರೇನೂ ಅಲ್ಲ. ಆದರೆ ಸ್ಮಿತ್‌ಗೆ ಅಪ್ಪಿಕೊಂಡ ಮೇಲೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಅಂಕಿಸಂಕಿ:
ಕ್ಷಮಿಸಿ, ನೀವಿಬ್ಬರೂ ಚಿತ್ರಮಂದಿರದ ಹೊರಗೆ ನಿಂತು ನಾಯಕನ ಬಗ್ಗೆ ಜಗಳವಾಡುತ್ತಿದ್ದೀರಿ. ಈಗಿನವರನ್ನು ಏಕೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ? ಟೈಸನ್ ಫ್ಯೂರಿ 206 ಸೆಂಟಿಮೀಟರ್. 2020ರಲ್ಲಿ ವೈಲ್ಡರ್‌ನನ್ನು ಏಳನೇ ಸುತ್ತಿನಲ್ಲಿ ಮುಗಿಸಿದ ದಿನ 124 ಕಿಲೋ ಇದ್ದ. ರಾಕಿ ಮಾರ್ಸಿಯಾನೊ ಸೋಲೇ ಇಲ್ಲದ 49 ಗೆಲುವುಗಳ ಒಡೆಯ, ತೂಕ ಸುಮಾರು 84 ಕಿಲೋ. ಇಂದಿನ ನಿಯಮದಲ್ಲಿ 90.7 ಕಿಲೋ ದಾಟದವನು ಕ್ರೂಸರ್‌ವೇಟ್. ಮಾರ್ಸಿಯಾನೊಗೆ ಹೆವಿವೇಟ್ ಬಾಗಿಲೇ ತೆರೆಯುವುದಿಲ್ಲ. ನಲವತ್ತು ಕಿಲೋ ಅಂತರವೆಂದರೆ ಒಂದು ಮೂಟೆ ಸಿಮೆಂಟಿಗೆ ಹತ್ತು ಕಿಲೋ ಕಡಿಮೆ. ಅದನ್ನು ಹೆಗಲ ಮೇಲೆ ಹೊತ್ತು ಹನ್ನೆರಡು ಸುತ್ತು ಆಡಿ ನೋಡಿ, ಪುರಾಣವೆಲ್ಲ ಇಳಿದುಹೋಗುತ್ತದೆ. ಓಟದಲ್ಲಿ, ಈಜಿನಲ್ಲಿ, ಭಾರ ಎತ್ತುವುದರಲ್ಲಿ ಹಳೆಯ ದಾಖಲೆಗಳು ಉಳಿದಿಲ್ಲ. ಬಾಕ್ಸಿಂಗ್‌ನಲ್ಲಿ ಮಾತ್ರ ಅಜ್ಜಂದಿರು ಗೆಲ್ಲುತ್ತಾರೆಯೇ?

ಗರಡಿ ಮೊಮ್ಮಗ:
ಅಂಕಿಸಂಕಿಯವರೇ, 1919ರ ಜುಲೈ 4, ಟೊಲೆಡೊ. ಜೆಸ್ ವಿಲ್ಲರ್ಡ್ 111 ಕಿಲೋ, ಹತ್ತಿರಹತ್ತಿರ ಎರಡು ಮೀಟರ್. ಜ್ಯಾಕ್ ಡೆಂಪ್ಸಿ 85 ಕಿಲೋ. ಮೊದಲ ಸುತ್ತಿನಲ್ಲೇ ವಿಲ್ಲರ್ಡ್ ಏಳು ಸಲ ನೆಲ ಕಂಡ.

ನಮ್ಮ ಅಜ್ಜ ಮೈಸೂರಿನ ಗರಡಿಯಲ್ಲಿ ಮಟ್ಟಿ ಕಟ್ಟಿದವರು. ಪೈಲ್ವಾನ ಅಖಾಡಕ್ಕೆ ಬಂದಾಗ ಎಲ್ಲರೂ ಅವನ ತೋಳು ನೋಡಿದರೆ ಅಜ್ಜ ಅವನ ಹಿಮ್ಮಡಿ ನೋಡುತ್ತಿದ್ದರು. ಮಣ್ಣಿನಲ್ಲಿ ಹಿಮ್ಮಡಿ ಹೂತರೆ ಎಷ್ಟು ದೊಡ್ಡವನಾದರೂ ಇವತ್ತು ಚಿತ್ ಆಗುತ್ತಾನೆ ಎನ್ನುತ್ತಿದ್ದರು. ವಿಲ್ಲರ್ಡ್‌ನ ಪಂದ್ಯದ ತುಣುಕು ನೋಡಿದಾಗ ನನಗೆ ಆ ಮಾತೇ ನೆನಪಾಯಿತು. ಅವನ ಹಿಮ್ಮಡಿ ಮೇಲೇಳುವುದೇ ಇಲ್ಲ.

ಅಂಕಿಸಂಕಿ:
ಆ ಕಾಲದಲ್ಲಿ ಬಿದ್ದವನು ಏಳುವಾಗ ಅವನ ತಲೆಯ ಮೇಲೆಯೇ ನಿಂತು ಮತ್ತೆ ಹೊಡೆಯಬಹುದಿತ್ತು. ಡೆಂಪ್ಸಿ ಮಾಡಿದ್ದು ಅದನ್ನೇ. ಏಳು ಸಲದಲ್ಲಿ ಎಷ್ಟನ್ನು ಇಂದಿನ ರೆಫರಿ ಒಪ್ಪುತ್ತಾನೆ? ಕೆಡವಿದ ಮೇಲೆ ದೂರದ ಮೂಲೆಗೆ ಹೋಗಿ ನಿಲ್ಲಬೇಕೆಂಬ ನಿಯಮ ಬಂದಾಗ ಏನಾಯಿತು? 1927ರಲ್ಲಿ ಷಿಕಾಗೊದಲ್ಲಿ ಜೀನ್ ಟನ್ನಿಯನ್ನು ಕೆಡವಿದ ಅದೇ ಡೆಂಪ್ಸಿ ಮೂಲೆಗೆ ಹೋಗಲು ಮರೆತು ನಿಂತ. ಎಣಿಕೆ ತಡವಾಯಿತು, ಟನ್ನಿ ಎದ್ದ, ಗೆದ್ದ.

ಗರಡಿ ಮೊಮ್ಮಗ:
ಅದನ್ನೇ ನಾನೂ ಹೇಳುತ್ತಿರುವುದು. ಯಾರು ಗೆಲ್ಲುತ್ತಾರೆ ಎನ್ನುವ ಮೊದಲು ಯಾವ ಅಖಾಡ, ಯಾವ ನಿಯಮ ಎಂದು ಹೇಳಿ. ದಸರೆಗೆ ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆಯಲ್ಲ, ಅಲ್ಲಿ ಎದುರಾಳಿಯ ತಲೆಯಲ್ಲಿ ನೆತ್ತರು ಕಂಡ ಕೂಡಲೇ ಮುಗಿಯಿತು. ಆ ನಿಯಮ ಇಟ್ಟರೆ ಜೋ ಲೂಯಿಸ್ ಕೂಡ ಯಾವುದೋ ಜಟ್ಟಿಗೆ ಅರೆ ನಿಮಿಷದಲ್ಲಿ ಸೋಲಬಹುದು.

ಎಡಗೈ:
ಅಂಕಿಸಂಕಿಯವರು ಫ್ಯೂರಿಯ ತೂಕ ಹೇಳಿದರು, ಆ ತೂಕ ಯಾರ ಎದುರು ಸೋತಿತು ಎಂದು ಹೇಳಲಿಲ್ಲ. ಒಲೆಕ್ಸಾಂಡರ್ ಉಸಿಕ್, 191 ಸೆಂಟಿಮೀಟರ್ ಎತ್ತರ, 198 ಸೆಂಟಿಮೀಟರ್ ತೋಳಳತೆ. ಈ ಎರಡು ಸಂಖ್ಯೆಗಳನ್ನು ಇನ್ನೊಮ್ಮೆ ಓದಿ. ಮುಹಮ್ಮದ್ ಅಲಿಯ ಅಳತೆಯೂ ಇದೇ. ಒಬ್ಬ ದರ್ಜಿ ಇಬ್ಬರಿಗೂ ಒಂದೇ ಅಂಗಿ ಹೊಲಿಯಬಹುದು.

ಆ ಅಂಗಿಯ ಉಸಿಕ್ 2024ರ ಮೇ 18ರಂದು ರಿಯಾದ್‌ನಲ್ಲಿ ಫ್ಯೂರಿಯನ್ನು ಸೋಲಿಸಿದ. ಒಂಬತ್ತನೇ ಸುತ್ತಿನಲ್ಲಿ ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ತೂರಾಡುತ್ತಿದ್ದ. ಹಗ್ಗವೇ ಹಿಡಿದು ನಿಲ್ಲಿಸಿದೆ ಎಂದು ರೆಫರಿ ಎಣಿಕೆ ಶುರುಮಾಡಿದ. ಡಿಸೆಂಬರ್‌ನಲ್ಲಿ ಫ್ಯೂರಿ ಇನ್ನೂ ಭಾರವಾಗಿ ಬಂದ, ಇಪ್ಪತ್ತು ಕಿಲೋಗೂ ಹೆಚ್ಚಿನ ಅಂತರ. ಆ ಸಲ ಮೂವರು ತೀರ್ಪುಗಾರರೂ ಉಸಿಕ್‌ಗೇ ಕೊಟ್ಟರು. ಅಲಿಯ ಅಳತೆಯ ಮನುಷ್ಯ ಇಂದಿನ ದೈತ್ಯರನ್ನು ಸೋಲಿಸಬಲ್ಲನೇ ಎಂಬುದು ಇನ್ನು ಕಲ್ಪನೆಯ ಪ್ರಶ್ನೆಯಲ್ಲ. ಎರಡು ಸಲ ನಡೆದುಹೋಗಿದೆ.

ಅಂಕಿಸಂಕಿ:
ಇದು ಒಳ್ಳೆಯ ಪೆಟ್ಟು, ತಾಗಿತು. ಆದರೆ ಉಸಿಕ್ ನೂರು ಕಿಲೋ ದಾಟಿದವನು, ಅಲಿ 96. ಅದನ್ನು ಬಿಟ್ಟುಕೊಡುತ್ತೇನೆ. 84 ಕಿಲೋದ ಮಾರ್ಸಿಯಾನೊನನ್ನು ಬಿಟ್ಟುಕೊಡುವುದಿಲ್ಲ. ಗೆರೆ ಎಲ್ಲೋ ತೊಂಬತ್ತರ ಆಸುಪಾಸಿನಲ್ಲಿದೆ.

ಎಡಗೈ:
ಹಾಗಾದರೆ ಗೆರೆಯ ಮೇಲೆಯೇ ನಿಂತವನು ಜೋ ಲೂಯಿಸ್. 1938ರಲ್ಲಿ ಮ್ಯಾಕ್ಸ್ ಶ್ಮೆಲಿಂಗ್‌ನನ್ನು 124 ಸೆಕೆಂಡಿನಲ್ಲಿ ಉರುಳಿಸಿದಾಗ ಅವನ ತೂಕ ಸರಿಯಾಗಿ 90. ಅದಕ್ಕೂ ಮೂರು ವರ್ಷ ಮೊದಲು 118 ಕಿಲೋದ ಪ್ರಿಮೊ ಕಾರ್ನೆರಾನನ್ನು ಆರನೇ ಸುತ್ತಿನಲ್ಲಿ ಮಲಗಿಸಿದ್ದ. ಲೂಯಿಸ್‌ನ ಗುದ್ದು ಅರ್ಧ ಅಡಿ ಮಾತ್ರ ಚಲಿಸುತ್ತದೆ, ಗಮನಿಸಿದ್ದೀರಾ? ಹಿಂದಕ್ಕೆ ಎಳೆದು ಹೊಡೆಯುವ ಅಭ್ಯಾಸವೇ ಇಲ್ಲ. ಎದುರಾಳಿಗೆ ಸೂಚನೆಯೇ ಸಿಗುವುದಿಲ್ಲ.

ನಿವೃತ್ತ ಮೇಷ್ಟ್ರು:
ಕಾರ್ನೆರಾ ಎಷ್ಟು ದೊಡ್ಡವನೋ ಅಷ್ಟೇ ಕಚ್ಚಾ. ಲೂಯಿಸ್‌ನ ಬಗ್ಗೆ ನನಗೆ ಬೇರೆ ಚಿಂತೆ. 1941ರಲ್ಲಿ ಬಿಲ್ಲಿ ಕಾನ್ ಎಂಬ ಹಗುರ ಮನುಷ್ಯ ಕಾಲಿನ ಚುರುಕಿನಿಂದಲೇ ಅವನನ್ನು ಹನ್ನೆರಡು ಸುತ್ತು ಆಡಿಸಿ ಪಾಯಿಂಟುಗಳಲ್ಲಿ ಮುಂದಿದ್ದ. ಹದಿಮೂರನೇ ಸುತ್ತಿನಲ್ಲಿ ತಾನೂ ನಾಕ್‌ಔಟ್ ಮಾಡುತ್ತೇನೆಂದು ನಿಂತು ಕಾದಿದ, ಕೆಟ್ಟ. ಅಲಿ ಆ ಆಸೆಗೆ ಬೀಳುತ್ತಿರಲಿಲ್ಲ.

ಆದರೆ ಲೂಯಿಸ್ ಎದುರು ಟೈಸನ್ ಎಂದರೆ ನಾನು ಲೂಯಿಸ್ ಕಡೆ. ನೇರವಾಗಿ ಒಳಗೆ ಬರುವವನನ್ನು ಲೂಯಿಸ್‌ನಷ್ಟು ಕ್ರೂರವಾಗಿ ಶಿಕ್ಷಿಸಿದವರು ಇನ್ನೊಬ್ಬರಿಲ್ಲ.

ರಾತ್ರಿಪಾಳಿ:
ಇಷ್ಟೆಲ್ಲ ಏಕೆ, ಗಣಕಯಂತ್ರವನ್ನೇ ಕೇಳಿಬಿಡೋಣ. ಈ ಜಗಳಕ್ಕೆ ಯಂತ್ರದ ತೀರ್ಪು 1970ರಲ್ಲೇ ಬಂದಿದೆ. ಗೊತ್ತಿಲ್ಲದವರಿಗೆ ಆ ಕಥೆ ಹೇಳುತ್ತೇನೆ. ನನಗೆ ಇಡೀ ಬಾಕ್ಸಿಂಗ್ ಚರಿತ್ರೆಯಲ್ಲೇ ಇದರಷ್ಟು ಪ್ರಿಯವಾದ ಕಥೆ ಬೇರೆ ಇಲ್ಲ.

ಮಯಾಮಿಯಲ್ಲಿ ಮರ್ರಿ ವೊರೋನರ್ ಎಂಬ ರೇಡಿಯೊ ನಿರ್ಮಾಪಕನಿದ್ದ. 1967ರಲ್ಲಿ ಎಲ್ಲ ಕಾಲದ ಹೆವಿವೇಟ್‌ಗಳ ಅಂಕಿ ಅಂಶಗಳನ್ನು ಒಂದು ಗಣಕಯಂತ್ರಕ್ಕೆ ಉಣಿಸಿ, ಅದು ಹೇಳಿದಂತೆ ರೇಡಿಯೊದಲ್ಲಿ ವೀಕ್ಷಕ ವಿವರಣೆ ಕೊಡಿಸಿದ. ಅದರಲ್ಲಿ ಅಲಿ ಯಾರಿಗೆ ಸೋತ ಗೊತ್ತೇ? ಇಪ್ಪತ್ತನೇ ಶತಮಾನದ ಆರಂಭದ ಚಾಂಪಿಯನ್ ಜಿಮ್ ಜೆಫ್ರೀಸ್‌ಗೆ! ಅಲಿಗೆ ಸಿಟ್ಟು ನೆತ್ತಿಗೇರಿ ಹತ್ತು ಲಕ್ಷ ಡಾಲರ್ ಮಾನನಷ್ಟ ಮೊಕದ್ದಮೆ ಹೂಡಿದ. ಕಡೆಗೆ ರಾಜಿಯಾದದ್ದು ಇನ್ನೊಂದು ನಾಟಕದಲ್ಲಿ ಪಾತ್ರ ವಹಿಸುವುದಕ್ಕೆ. ಅಲಿ ಎದುರು ಮಾರ್ಸಿಯಾನೊ, ಈ ಸಲ ಕ್ಯಾಮರಾ ಮುಂದೆ.

1969ರಲ್ಲಿ ಇಬ್ಬರೂ ಮಯಾಮಿಯ ಸ್ಟುಡಿಯೊದಲ್ಲಿ ಸೇರಿದರು. ಅಲಿ ಆಗ ನಿಷೇಧದಲ್ಲಿದ್ದ, ಹಣ ಬೇಕಿತ್ತು. ಮಾರ್ಸಿಯಾನೊಗೆ 45, ನಿವೃತ್ತನಾಗಿ ಹದಿಮೂರು ವರ್ಷ. ಇಪ್ಪತ್ತು ಕಿಲೋಗೂ ಹೆಚ್ಚು ಇಳಿಸಿ, ಬೋಳುತಲೆಗೆ ಟೋಪನ್ ಅಂಟಿಸಿಕೊಂಡು ಬಂದ. ಒಂದೊಂದು ನಿಮಿಷದ ಎಪ್ಪತ್ತರಷ್ಟು ಸುತ್ತುಗಳನ್ನು ಚಿತ್ರೀಕರಿಸಿದರು. ಅಲಿ ಗೆದ್ದಂತೆ, ಮಾರ್ಸಿಯಾನೊ ಗೆದ್ದಂತೆ ಹಲವು ಅಂತ್ಯಗಳು. ಯಾವುದು ನಿಜವೆಂದು ಆಡಿದವರಿಗೂ ಹೇಳಲಿಲ್ಲ. 1970ರ ಜನವರಿ 20ರ ರಾತ್ರಿ ಚಿತ್ರಮಂದಿರಗಳಲ್ಲಿ ತೋರಿಸಿದಾಗ ಅಮೆರಿಕದ ಪ್ರೇಕ್ಷಕರು ಕಂಡದ್ದು ಹದಿಮೂರನೇ ಸುತ್ತಿನಲ್ಲಿ ಮಾರ್ಸಿಯಾನೊ ಅಲಿಯನ್ನು ನಾಕ್‌ಔಟ್ ಮಾಡಿದ್ದನ್ನು. ಯುರೋಪಿಗೆ ಹೋದ ಪ್ರತಿಯಲ್ಲಿ ಅಲಿ ಗೆದ್ದಿದ್ದ!

ಮಾರ್ಸಿಯಾನೊ ಇದಾವುದನ್ನೂ ನೋಡಲಿಲ್ಲ. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, 1969ರ ಆಗಸ್ಟ್ 31ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡ.

ಗರಡಿ ಮೊಮ್ಮಗ:
ಯಂತ್ರಕ್ಕೂ ಪ್ರೇಕ್ಷಕರ ಊರು ಯಾವುದೆಂದು ಗೊತ್ತಿತ್ತು ಅನ್ನಿ.

ಅಂಕಿಸಂಕಿ:
ಯಂತ್ರದ ತಪ್ಪಲ್ಲ. ಹಿಟ್ಟು ಹಾಕಿದವನ ಕೈ ನೋಡಬೇಕು. ಇಂದು ಮೊಬೈಲ್ ಆಟಗಳಲ್ಲಿ ಅಲಿಗೆ 97, ಟೈಸನ್‌ಗೆ 98 ಎಂದು ಅಂಕ ಕೊಡುವವರೂ ಅದನ್ನೇ ಮಾಡುತ್ತಾರೆ, ತಮ್ಮ ಬಾಲ್ಯಕ್ಕೆ ಅಂಕ ಕೊಡುತ್ತಾರೆ.

ಮೂರನೇ ಸುತ್ತು:
ಊಟಕ್ಕೆ ಎದ್ದು ಬರುವಷ್ಟರಲ್ಲಿ ಚರ್ಚೆ ಮಯಾಮಿಗೆ ಹೋಗಿದೆ. ಮೂಲ ಪ್ರಶ್ನೆಗೆ ಬನ್ನಿ. ನಿಯಮ ಕೇಳಿದರಲ್ಲ, ಹೇಳುತ್ತೇನೆ. ಹನ್ನೆರಡು ಸುತ್ತು, ಹತ್ತು ಔನ್ಸಿನ ಗ್ಲೌಸ್.

ನಿವೃತ್ತ ಮೇಷ್ಟ್ರು:
ಅಲಿಯನ್ನು ಕರೆದು ಅವನ ಮೂರು ಸುತ್ತುಗಳನ್ನು ಬಾಗಿಲಲ್ಲೇ ಕಿತ್ತುಕೊಂಡಿರಿ. 1966ರಲ್ಲಿ ಪ್ರಶಸ್ತಿ ಪಂದ್ಯವೆಂದರೆ ಹದಿನೈದು ಸುತ್ತು. 1982ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ರೇ ಮ್ಯಾನ್ಸಿನಿ ಎದುರು ಆಡಿದ ಕೊರಿಯದ ಡುಕ್ ಕೂ ಕಿಮ್ ತಲೆಗೆ ಪೆಟ್ಟಾಗಿ ತೀರಿಕೊಂಡ ಮೇಲೆ ಒಂದೊಂದೇ ಸಂಸ್ಥೆ ಹನ್ನೆರಡಕ್ಕೆ ಇಳಿಸಿತು. ಸರಿಯಾಗಿಯೇ ಇಳಿಸಿತು. ಆದರೆ ಹದಿಮೂರರಿಂದ ಹದಿನೈದು ಎಂಬ ಆ ಕೊನೆಯ ಊರು ಟೈಸನ್‌ಗೆ ಗೊತ್ತೇ ಇಲ್ಲ. ಮಾರ್ಸಿಯಾನೊ ಬದುಕಿದ್ದೇ ಅಲ್ಲಿ. 1952ರಲ್ಲಿ ಫಿಲಡೆಲ್ಫಿಯಾದಲ್ಲಿ ಪಾಯಿಂಟುಗಳಲ್ಲಿ ಹಿಂದಿದ್ದು, ಹದಿಮೂರನೇ ಸುತ್ತಿನಲ್ಲಿ ಒಂದೇ ಬಲಗೈ ಪೆಟ್ಟಿಗೆ ಜರ್ಸಿ ಜೋ ವಾಲ್ಕಾಟ್‌ನನ್ನು ಕುಸಿಸಿದ. ವಾಲ್ಕಾಟ್‌ನ ಒಂದು ತೋಳು ಹಗ್ಗಕ್ಕೆ ಸಿಕ್ಕಿಕೊಂಡು, ಒಣಹಾಕಿದ ಬಟ್ಟೆಯಂತೆ ನೇತಾಡುತ್ತಿತ್ತು.

ನೀವು ಹನ್ನೆರಡೇ ಎಂದಿರಿ, ಆಗಲಿ. ಬಸ್ಟರ್ ಡಗ್ಲಸ್ ಟೈಸನ್‌ನನ್ನು ಮಲಗಿಸಿದ ಟೋಕಿಯೊ ಪಂದ್ಯ ಹತ್ತಕ್ಕೇ ಮುಗಿಯಿತು.

ಮೂರನೇ ಸುತ್ತು:
ಟೋಕಿಯೊ ಬರುತ್ತದೆಂದು ಗೊತ್ತಿತ್ತು. 1990ರ ಟೈಸನ್ ಬೇರೆ. ಕಸ್ ತೀರಿಕೊಂಡಿದ್ದರು, ತರಬೇತುದಾರ ಕೆವಿನ್ ರೂನಿಯನ್ನು ಸ್ಪಿಂಕ್ಸ್ ಪಂದ್ಯದ ನಂತರ ಹೊರಗೆ ಹಾಕಿದ್ದ. ಮೂಲೆಯಲ್ಲಿದ್ದವರ ಬಳಿ ಊದಿದ ಕಣ್ಣಿಗೆ ಒತ್ತುವ ಲೋಹದ ತುಂಡೂ ಇರಲಿಲ್ಲ. ರಬ್ಬರ್ ಕೈಗವಸಿಗೆ ತಣ್ಣೀರು ತುಂಬಿ, ಅದರ ಬಾಯಿ ಕಟ್ಟಿ ಒತ್ತಿದರು. ಜಗತ್ತಿನ ಚಾಂಪಿಯನ್‌ನ ಕಣ್ಣಿನ ಮೇಲೆ ಬಲೂನು! ಆ ಟೈಸನ್‌ನನ್ನು ನನ್ನ ಲೆಕ್ಕಕ್ಕೆ ಬರೆಯಬೇಡಿ. 1971ರ ಅಲಿಗೆ ನೀವು ಕೊಟ್ಟ ವಿನಾಯಿತಿ ನನಗೂ ಸಿಗಲಿ.

ನಿವೃತ್ತ ಮೇಷ್ಟ್ರು:
ಸಿಕ್ಕಿತು. ನ್ಯಾಯವಾದ ಕೇಳಿಕೆ. ಹಾಗಾದರೆ 1986ರ ಮೇ ತಿಂಗಳಿಗೆ ಹೋಗೋಣ. ರೂನಿ ಮೂಲೆಯಲ್ಲೇ ಇದ್ದಾರೆ, ಟೈಸನ್ ಹಸಿದ ಹುಲಿ. ಎದುರು ಜೇಮ್ಸ್ ಟಿಲ್ಲಿಸ್. ಆ ಪಂದ್ಯ ನೋಡಿ ಬಂದು ಮಾತಾಡಿ.

ಎಡಗೈ:
ಅಷ್ಟರಲ್ಲಿ ಇನ್ನೊಂದು ಮಾತು. ಒಬ್ಬನ ಮೇಲೆ ಒಬ್ಬ ಎಂದು ಏಣಿ ಕಟ್ಟುವುದೇ ತಪ್ಪು. ಫ್ರೇಜಿಯರ್ 1971ರಲ್ಲಿ ಅಲಿಯನ್ನು ಸೋಲಿಸಿದ. 1973ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಜಾರ್ಜ್ ಫೋರ್‌ಮನ್ ಅದೇ ಫ್ರೇಜಿಯರ್‌ನನ್ನು ಎರಡು ಸುತ್ತಿನಲ್ಲಿ ಆರು ಸಲ ಕೆಡವಿದ. ಏಣಿಯ ಪ್ರಕಾರ ಫೋರ್‌ಮನ್ ಅಲಿಯನ್ನು ಪುಡಿ ಮಾಡಬೇಕಿತ್ತು. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಗೆದ್ದದ್ದು ಅಲಿ ಎಂದು ಮಕ್ಕಳಿಗೂ ಗೊತ್ತು. ಇದು ಏಣಿಯಲ್ಲ, ಮೂರು ಜನ ಸುತ್ತ ಕುಳಿತು ಒಬ್ಬರ ಜುಟ್ಟು ಒಬ್ಬರು ಹಿಡಿದ ಹಾಗೆ. ನನಗೆ ಕೇಳಿದರೆ ಟೈಸನ್ ಫೋರ್‌ಮನ್‌ಗೆ ಮೂರು ಸುತ್ತಿನಲ್ಲಿ ಸೋಲುತ್ತಾನೆ. ಬಗ್ಗಿ ಬರುವವರಿಗೆಂದೇ ಫೋರ್‌ಮನ್‌ನ ಅಪ್ಪರ್‌ಕಟ್, ಕೆಳಗಿನಿಂದ ಮೇಲಕ್ಕೆ ಎತ್ತಿ ಹೊಡೆಯುವ ಗುದ್ದು, ಇತ್ತು. ಹಾಗೆಂದು ಅಲಿ ಟೈಸನ್‌ನನ್ನು ಸೋಲಿಸುತ್ತಾನೆ ಎಂದು ಅದರಿಂದ ತೇಲಿ ಬರುವುದಿಲ್ಲ.

ಗರಡಿ ಮೊಮ್ಮಗ:
ಕಾಲ ಬೆರೆಸಿದ ಪಂದ್ಯಗಳು ನಿಜವಾಗಿಯೂ ನಡೆದಿವೆಯಲ್ಲ? 1951ರಲ್ಲಿ ಲೂಯಿಸ್ ಎದುರು ಮಾರ್ಸಿಯಾನೊ. 1980ರಲ್ಲಿ ಅಲಿ ಎದುರು ಅವನದೇ ಹಳೆಯ ಅಭ್ಯಾಸದ ಜೊತೆಗಾರ ಲ್ಯಾರಿ ಹೋಮ್ಸ್. 1988ರಲ್ಲಿ ಅದೇ ಹೋಮ್ಸ್ ಎದುರು ಟೈಸನ್. ಮೂರರಲ್ಲೂ ಹಳಬ ನೆಲ ಕಚ್ಚಿದ, ಇಲ್ಲವೇ ಕುರ್ಚಿ ಬಿಟ್ಟು ಏಳಲಿಲ್ಲ. ಪಾಪ, ಅವು ಕಾಲಗಳ ನಡುವಿನ ಪಂದ್ಯಗಳಲ್ಲ, ವಯಸ್ಸಿನ ಪಂದ್ಯಗಳು.

ನಿವೃತ್ತ ಮೇಷ್ಟ್ರು:
1980ರಲ್ಲೇ ಅಲಿ ಮದ್ರಾಸಿಗೆ ಬಂದಿದ್ದ. ನೆಹರೂ ಕ್ರೀಡಾಂಗಣದಲ್ಲಿ ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಹೋದವರಲ್ಲಿ ನಾನೂ ಒಬ್ಬ. ಬಲು ದೂರದಲ್ಲಿ ಕುಳಿತಿದ್ದೆ, ಮುಖ ಕಾಣುತ್ತಿರಲಿಲ್ಲ. ಸೊಂಟದಲ್ಲಿ ಬೊಜ್ಜು ಬಂದದ್ದು ಕಾಣುತ್ತಿತ್ತು. ಒಂದೇ ಒಂದು ಸಲ, ಹತ್ತು ಸೆಕೆಂಡು ಇರಬಹುದು, ಕಾಲು ಮೊದಲಿನಂತೆ ಕುಣಿದವು. ನನ್ನ ಪಕ್ಷಪಾತ ಎಲ್ಲಿಂದ ಬಂದಿತೆಂದು ಯಾರಾದರೂ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ, ಆ ಹತ್ತು ಸೆಕೆಂಡಿನಿಂದ.

ಎಡಗೈ:
ಗರಡಿಯವರೇ, ನಿಮ್ಮ ಪಟ್ಟಿಗೆ ಒಂದು ಅಪವಾದವಿದೆ. 1994ರ ನವೆಂಬರ್ 5. ಫೋರ್‌ಮನ್‌ಗೆ 45, ಎದುರು 26ರ ಮೈಕಲ್ ಮೂರರ್. ಫೋರ್‌ಮನ್ ತೊಟ್ಟದ್ದು ಕಿನ್ಶಾಸಾದಲ್ಲಿ ಸೋತ ದಿನ ತೊಟ್ಟಿದ್ದ ಅದೇ ಕೆಂಪು ಚಡ್ಡಿ. ಅವನ ಮೂಲೆಯಲ್ಲಿ ನಿಂತಿದ್ದವರು ತರಬೇತುದಾರ ಆಂಜೆಲೊ ಡಂಡಿ, ಕಿನ್ಶಾಸಾದಲ್ಲಿ ಅಲಿಯ ಮೂಲೆಯಲ್ಲಿದ್ದ ಅದೇ ಡಂಡಿ. ಒಂಬತ್ತು ಸುತ್ತು ಸೋಲುತ್ತಾ ಬಂದು ಹತ್ತರಲ್ಲಿ ಎಡಗೈ, ಬಲಗೈ. ಮೂರರ್ ಏಳಲಿಲ್ಲ. ಫೋರ್‌ಮನ್ ಮೂಲೆಗೆ ಹೋಗಿ ಮಂಡಿಯೂರಿ ಕುಳಿತ.

ರಾತ್ರಿಪಾಳಿ:
ಇಪ್ಪತ್ತು ವರ್ಷದ ಹಿಂದಿನ ಚಡ್ಡಿ ಹಿಡಿಸಿತಲ್ಲ, ಅದೇ ದೊಡ್ಡ ಗೆಲುವು. ನನ್ನ ಮದುವೆಯ ಪ್ಯಾಂಟು ನಾಲ್ಕೇ ವರ್ಷಕ್ಕೆ ಕೈಕೊಟ್ಟಿತು.

ಮೂರನೇ ಸುತ್ತು:
ಟಿಲ್ಲಿಸ್ ಪಂದ್ಯ ನೋಡಿ ಬಂದೆ. ಹತ್ತು ಸುತ್ತೂ ಕುಳಿತು ನೋಡಿದೆ ಮೇಷ್ಟ್ರೇ. ನಾಲ್ಕನೇ ಸುತ್ತಿನಲ್ಲಿ ಟಿಲ್ಲಿಸ್ ಎಡಗೈ ಬೀಸಿ ತಪ್ಪಿದ, ಟೈಸನ್‌ನ ಹುಕ್ಕು ಬಂತು, ಬಿದ್ದ. ಅದು ನನ್ನ ವಾದ. ಆದರೆ ಎದ್ದ. ಆಮೇಲೆ ಬದಿಗೆ ಸರಿದು ಸರಿದು ಹೊಡೆಯುತ್ತಾ, ಸಿಕ್ಕಿಬಿದ್ದಾಗ ಅಪ್ಪುತ್ತಾ ಕೊನೆಯವರೆಗೂ ಉಳಿದ. ಗೆದ್ದದ್ದು ಟೈಸನ್ನೇ, ಆದರೆ ಪಾಯಿಂಟುಗಳಲ್ಲಿ. ಎಂಟು ಒಂಬತ್ತನೇ ಸುತ್ತಿಗೆ ಆ ತೂಗುವಿಕೆ ನಿಂತು, ತಲೆ ಒಂದೇ ಕಡೆ ನಿಲ್ಲತೊಡಗಿತ್ತು. ಟಿಲ್ಲಿಸ್ ಅಷ್ಟು ಮಾಡಿದರೆ 1966ರ ಅಲಿ ಏನು ಮಾಡಿಯಾನು?

ಆರು ಸುತ್ತಿನೊಳಗೆ ಎಂದಿದ್ದೆ. ಈಗ ಹೇಳುತ್ತೇನೆ, ನಾಲ್ಕರೊಳಗೆ ಆದರೆ ಟೈಸನ್. ಐದನೇ ಗಂಟೆ ಬಾರಿಸಿದರೆ ಅಲಿ, ಪಾಯಿಂಟುಗಳಲ್ಲಿ, ಒಂದು ಸಲ ಬಿದ್ದು ಎದ್ದು. ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ.

ನಿವೃತ್ತ ಮೇಷ್ಟ್ರು:
ಒಂದು ಸಲ ಬೀಳುವುದಕ್ಕೆ ನನ್ನ ಒಪ್ಪಿಗೆ ಇದೆ.

ಅಂಕಿಸಂಕಿ:
ಅಲಿ ಎದುರು ಉಸಿಕ್‌ಗೆ ಹೊಸ ಚರ್ಚೆ ತೆರೆಯಬೇಕು. ಅಲಿ 1966ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಎಡಗೈ ಆಟಗಾರ ಮಿಲ್ಡೆನ್‌ಬರ್ಗರ್ ಎದುರು ಹನ್ನೆರಡನೇ ಸುತ್ತಿನವರೆಗೆ ತಿಣುಕಾಡಿದ್ದ. ಉಸಿಕ್ ಕೂಡ ಎಡಗೈಯವನು.

ರಾತ್ರಿಪಾಳಿ:
ಅದಕ್ಕೂ ಮೊದಲು ನನ್ನದೊಂದು. ಸೋನಿ ಲಿಸ್ಟನ್ ಎದುರು ಫೋರ್‌ಮನ್. ಇಬ್ಬರೂ ಹಿಂದಕ್ಕೆ ಹೆಜ್ಜೆ ಇಡದವರು.

ಎಡಗೈ:
ಅದು ನಡೆದಿದೆ. ಫೋರ್‌ಮನ್ 1968ರ ಒಲಿಂಪಿಕ್ಸ್ ಚಿನ್ನ ಗೆದ್ದು ವೃತ್ತಿಗೆ ಬಂದ ಹೊಸತರಲ್ಲಿ ಲಿಸ್ಟನ್‌ಗೆ ಅಭ್ಯಾಸದ ಜೊತೆಗಾರನಾಗಿದ್ದ. ತನ್ನನ್ನು ಹಿಂದಕ್ಕೆ ತಳ್ಳಿದವನು ಲಿಸ್ಟನ್ ಒಬ್ಬನೇ ಎಂದು ಆಮೇಲೆ ಹೇಳಿಕೊಂಡಿದ್ದಾನೆ.

ರಾತ್ರಿಪಾಳಿ:
ಆ ಜಿಮ್ಮಿನಲ್ಲಿ ಒಂದು ಕ್ಯಾಮರಾ ಇರಲಿಲ್ಲವೇ?

ಗರಡಿ ಮೊಮ್ಮಗ:
ನೆಲ ಒರೆಸುವವನಾದರೂ ಇದ್ದಿರಬೇಕು. ಅವನು ಎಷ್ಟು ಹೊತ್ತು ಒರೆಸುವುದನ್ನು ನಿಲ್ಲಿಸಿ ನೋಡಿದನೋ.